ಸಾಕ್ಷಿ ಹೇಳುವ ಬೆಟ್ಟಗಳು

ಈಚೆಗೆ ಬಾಳ್ಳುಪೇಟೆಯ ಸಮೀಪದ ಭಕ್ತರೊಬ್ಬರ ಮನೆಗೆ ಹೋಗುವ ಸಂದರ್ಭ ಒದಗಿತ್ತು. ಪೂಜೆ, ಪ್ರಸಾದಗಳು ಮುಗಿದು ಜಗುಲಿಯಲ್ಲಿ ಕುಳಿತಿದ್ದಾಗ ಆ ಮನೆಯ ಮೊಮ್ಮಗ ಹತ್ತಿರ ಬಂದು, “ಶಾಸ್ತ್ರಿಗಳೇ, ನಮ್ಮ ಬೆಟ್ಟಗಳ ಮೇಲೆ ಇಪ್ಪತ್ತು ನಿಮಿಷದ ಒಂದು ಸಾಕ್ಷ್ಯಚಿತ್ರ ಮಾಡುತ್ತಿದ್ದೇನೆ. ಅದಕ್ಕೆ ಹಿನ್ನೆಲೆಯ ಮಾತುಗಳನ್ನು ತಾವೇ ಬರೆದುಕೊಡಬೇಕು” ಎಂದು ಕೇಳಿಕೊಂಡನು. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಹುಡುಗ. ರಜೆ ದೊರೆತಾಗಲೆಲ್ಲ ಊರಿಗೆ ಬಂದು ಚಿತ್ರ ತೆಗೆಯುತ್ತಾನೆ. ಅದುವರೆಗೆ ಸೆರೆಹಿಡಿದುದನ್ನು ತೋರಿಸಿದನು. ಬೆಳಗಿನ ಮಂಜು, ಬೆಟ್ಟದ ನೆತ್ತಿ, ಡ್ರೋನಿನಿಂದ ಕಂಡ ಹಸಿರು ಕಣಿವೆ. ನಿಜಕ್ಕೂ ಮನೋಹರವಾಗಿತ್ತು.

ಅವನ ಅಜ್ಜಿಯೂ ನಮ್ಮೊಡನೆ ನೋಡುತ್ತಿದ್ದರು. ಕೊನೆಗೆ ಅವರು, “ಚೆನ್ನಾಗೈತೆ ಕಣಪ್ಪ. ಆದ್ರೆ ಯಾರೂ ಇಲ್ದಿರೋ ಊರಿನಂಗೈತೆ. ನಮ್ಮ ಗದ್ದೆ ಎಲ್ಲಿ? ಆನೆ ಎಲ್ಲಿ?” ಎಂದರು.

ಆ ಮನೆಯವರು ಆನೆಗಳ ಹಾವಳಿಯಿಂದ ಬೇಸತ್ತು, ತಲೆಮಾರುಗಳಿಂದ ಉತ್ತು ಬಿತ್ತಿದ ಗದ್ದೆಯನ್ನು ಕೆಲವು ವರ್ಷಗಳಿಂದ ಬೀಳುಬಿಟ್ಟಿದ್ದಾರೆ. ಹುಡುಗನ ಚಿತ್ರದಲ್ಲಿ ಆ ಗದ್ದೆಯೂ ಬಂದಿತ್ತು. ಮೇಲಿನಿಂದ ನೋಡಿದಾಗ ಅದು ಸುಂದರವಾದ ಹುಲ್ಲುಗಾವಲಿನಂತೆ ಕಾಣುತ್ತಿತ್ತು! ಅಜ್ಜಿಗೆ ಅದು ಗುರುತೇ ಹತ್ತಲಿಲ್ಲ.

‘ಸಾಕ್ಷಿ’ ಎಂದರೆ ಪ್ರತ್ಯಕ್ಷವಾಗಿ ಕಂಡವನು. ಕಂಡದ್ದನ್ನು ಕೂಡಿಸದೆ, ಕಳೆಯದೆ ಹೇಳುವುದು ಅವನ ಧರ್ಮ. ‘ಸಾಕ್ಷ್ಯಚಿತ್ರ’ವೆಂದು ಹೆಸರಿಟ್ಟ ಮೇಲೆ ಆ ಧರ್ಮ ಚಿತ್ರಕ್ಕೂ ಅನ್ವಯಿಸಬೇಕಷ್ಟೆ. ಅರ್ಧವನ್ನು ಮಾತ್ರ ತೋರಿಸಿದ ಚಿತ್ರ, ಅದು ಎಷ್ಟೇ ರಮ್ಯವಾಗಿರಲಿ, ಅರೆಸಾಕ್ಷಿಯಾಗುತ್ತದೆ.

ನಿಜವಾದ ಸಾಕ್ಷಿಯಿಂದ ಏನಾದೀತೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ನಿದರ್ಶನವಿದೆ. ಚಿಕ್ಕಮಗಳೂರು ಜಿಲ್ಲೆಯ ಕುದುರೆಮುಖದಲ್ಲಿ ಕಬ್ಬಿಣದ ಅದಿರನ್ನು ತೆಗೆದು, ಕೆಸರಿನ ರೂಪದಲ್ಲಿ ಸುಮಾರು 67 ಕಿಲೋಮೀಟರ್ ಉದ್ದದ ಕೊಳವೆಯ ಮೂಲಕ ಮಂಗಳೂರಿಗೆ ಸಾಗಿಸಲಾಗುತ್ತಿತ್ತು. ಮಳೆಗಾಲದಲ್ಲಿ ಅಗೆದ ಬೆಟ್ಟದ ಮಣ್ಣು ಭದ್ರಾನದಿಯನ್ನು ಸೇರುತ್ತಿತ್ತು. ಶೇಖರ್ ದತ್ತಾತ್ರಿಯವರು 2001ರಲ್ಲಿ ಈ ಕುರಿತು ಒಂದು ಕಿರುಚಿತ್ರವನ್ನು ನಿರ್ಮಿಸಿದರು. ಪರಿಸರಾಸಕ್ತರ ಕಾನೂನು ಹೋರಾಟ ಅದೇ ಕಾಲದಲ್ಲಿ ನಡೆದಿತ್ತು. ಕಾಗದಪತ್ರಗಳಲ್ಲಿದ್ದ ಸಂಗತಿಯನ್ನು ಜನರು ಆ ಚಿತ್ರದಲ್ಲಿ ಕಣ್ಣಾರೆ ಕಂಡರು: ಮೇಲೆ ಶೋಲಾ ಕಾಡು, ಕೆಳಗೆ ಕೆಂಪಾಗಿ ಹರಿಯುವ ಹೊಳೆ. 2002ರಲ್ಲಿ ಸರ್ವೋಚ್ಚ ನ್ಯಾಯಾಲಯವು ಗಣಿಗಾರಿಕೆಗೆ ಕೊನೆಯ ಗಡುವು ವಿಧಿಸಿತು; 2005ರ ಅಂತ್ಯಕ್ಕೆ ಅದು ನಿಂತಿತು. ಒಂದು ಚಿತ್ರದಿಂದಲೇ ಇದು ಆಯಿತೆಂದು ಹೇಳಲಾಗದು. ಆದರೆ ನೋಡಿದವರು ‘ನಮಗೆ ತಿಳಿದಿರಲಿಲ್ಲ’ ಎನ್ನುವ ಅವಕಾಶವನ್ನು ಅದು ಉಳಿಸಲಿಲ್ಲ.

ಇನ್ನೊಂದು ಬಗೆಯ ಚಿತ್ರವೂ ನಮ್ಮಲ್ಲಿ ಬಂದಿದೆ. ಅಮೋಘವರ್ಷ ಮತ್ತು ಕಲ್ಯಾಣ್ ವರ್ಮಾ ಅವರು ಅರಣ್ಯ ಇಲಾಖೆಯ ಸಹಯೋಗದಲ್ಲಿ ಹಲವು ವರ್ಷ ಶ್ರಮಿಸಿ ನಿರ್ಮಿಸಿದ ‘ವೈಲ್ಡ್ ಕರ್ನಾಟಕ’ವು 2020ರ ಜನವರಿಯಲ್ಲಿ ಚಿತ್ರಮಂದಿರಗಳಿಗೆ ಬಂದಿತು. ಇಂಗ್ಲಿಷಿನಲ್ಲಿ ಡೇವಿಡ್ ಅಟೆನ್‌ಬರೋ, ಕನ್ನಡದಲ್ಲಿ ರಿಷಬ್ ಶೆಟ್ಟಿ ಅದಕ್ಕೆ ದನಿಯಾದರು. ಅದಕ್ಕೆ ರಾಷ್ಟ್ರಪ್ರಶಸ್ತಿಯೂ ಸಂದಿತು. ನಮ್ಮ ಕಾಡಿನ ವೈಭವವನ್ನು ಲೋಕಕ್ಕೆ ತೋರಿಸಿದ ಆ ಚಿತ್ರದ ಸೇವೆ ಅಲ್ಪವಲ್ಲ. ಆದರೆ ಇಡೀ ನಾಡನ್ನು ಒಂದು ಗಂಟೆಯೊಳಗೆ ತೋರಿಸಬೇಕಾದವರು ಒಂದು ಊರಿನ ಜಗುಲಿಯಲ್ಲಿ ಕುಳಿತಿರಲು ಸಾಧ್ಯವೇ? ಆ ಕೆಲಸ ಊರಿನ ಮಕ್ಕಳದು.

ಈ ಸೀಮೆಯಲ್ಲಿ ತೋರಿಸುವುದಕ್ಕೇನು ಕಡಿಮೆ? ಮೂಡಿಗೆರೆಯ ಕಡೆಯಿಂದ ಇಳಿದು ಬರುವ ಹೇಮಾವತಿಯು ಸಕಲೇಶಪುರವನ್ನು ದಾಟಿ, ಗೊರೂರಿನ ಅಣೆಕಟ್ಟೆಯಲ್ಲಿ ತಂಗಿ, ಕಾವೇರಿಯನ್ನು ಕೂಡಿ ಪೂರ್ವಸಮುದ್ರಕ್ಕೆ ಸಾಗುತ್ತಾಳೆ. ಅದೇ ಘಟ್ಟದ ಆಚೆಯ ಮಗ್ಗುಲಿಗೆ ಬಿದ್ದ ಹನಿಯು ಕುಮಾರಧಾರಾ, ನೇತ್ರಾವತಿಗಳ ಮೂಲಕ ಪಶ್ಚಿಮಸಮುದ್ರವನ್ನು ಸೇರುತ್ತದೆ. ಒಂದೇ ಮೋಡದ ಮಳೆ ಎರಡು ಕಡಲುಗಳಿಗೆ ಹಂಚಿಹೋಗುವ ನೆಲವಿದು. ಮರದ ನೆರಳಿನಲ್ಲಿ ಕಾಫಿ, ತಗ್ಗಿನಲ್ಲಿ ಭತ್ತ, ಎತ್ತರದಲ್ಲಿ ಹುಲ್ಲು ಮತ್ತು ಶೋಲಾ ಕಾಡು. ಇದರಲ್ಲಿ ಬಹುಭಾಗ ಮನುಷ್ಯನ ಕಾಯಕದಿಂದಲೇ ಈ ರೂಪ ತಾಳಿದೆ. ಆದುದರಿಂದ ಮನುಷ್ಯನನ್ನು ಬಿಟ್ಟು ಈ ಪ್ರಕೃತಿಯನ್ನು ಚಿತ್ರಿಸಿದರೆ ಅದು ಅಪೂರ್ಣ.

ಆನೆಯನ್ನು ಬಿಟ್ಟರೂ ಅಷ್ಟೇ. ಆಲೂರು, ಸಕಲೇಶಪುರಗಳಲ್ಲಿ ಆನೆಗಳು ಕಾಫಿತೋಟಗಳ ನಡುವೆಯೇ ಬಾಳುತ್ತಿವೆ. ಬೆಳೆ ಹೋಗಿದೆ, ಜೀವಗಳೂ ಹೋಗಿವೆ. ಉಚ್ಚ ನ್ಯಾಯಾಲಯವು ನೇಮಿಸಿದ್ದ ಕಾರ್ಯಪಡೆಯು 2012ರಲ್ಲಿ ವರದಿ ನೀಡಿತು. ಅನಂತರ ಈ ಭಾಗದಿಂದ ಅನೇಕ ಆನೆಗಳನ್ನು ಹಿಡಿದು ಸಾಗಿಸಿದರೂ ಸಮಸ್ಯೆ ತೀರಲಿಲ್ಲ. 2023ರ ಡಿಸೆಂಬರ್ 4ರಂದು, ಎಂಟು ಬಾರಿ ಮೈಸೂರು ದಸರೆಯ ಅಂಬಾರಿ ಹೊತ್ತ ಅರ್ಜುನನು ಯಸಳೂರು ಭಾಗದ ಕಾಡಿನಲ್ಲಿ ಆನೆ ಹಿಡಿಯುವ ಕಾರ್ಯಾಚರಣೆಯ ವೇಳೆ ಕಾಡಾನೆಯೊಡನೆ ಕಾದಾಡಿ ಮಡಿದನು. ನಾಡೆಲ್ಲ ಕಣ್ಣೀರು ಸುರಿಸಿತು. ಬೆಳೆ ಕಳೆದುಕೊಂಡ ರೈತನೂ ಆ ದಿನ ಅತ್ತನು. ಈ ಎರಡು ದುಃಖಗಳನ್ನೂ ಒಂದೇ ಚಿತ್ರದಲ್ಲಿ ಹಿಡಿಯಬಲ್ಲವನು ಈ ನೆಲದ ನಿಜವಾದ ಸಾಕ್ಷಿ.

ಕ್ಯಾಮರಾದ ತಂತ್ರವನ್ನು ನಾನರಿಯೆ. ಆದರೂ ಹುಡುಗನಿಗೆ ಕೆಲವು ಮಾತುಗಳನ್ನು ಹೇಳಿದೆ. ಮೊದಲನೆಯದು, ರಜೆಯ ದಿನಗಳಿಗೆ ಚಿತ್ರ ಮುಗಿಯದು. ಒಂದು ಸಂವತ್ಸರವಾದರೂ ಬೇಕು. ಹೂಮಳೆ ಬಿದ್ದು ಕಾಫಿಗಿಡಗಳು ಬೆಳ್ಳಗೆ ಅರಳುವುದನ್ನೂ, ಆಷಾಢದ ಜಡಿಮಳೆಯನ್ನೂ, ಹಣ್ಣು ಬಿಡಿಸುವ ಕಾಲವನ್ನೂ ಕಾದು ಹಿಡಿಯಬೇಕು. ಎರಡನೆಯದು, ಕಾಯ್ದಿಟ್ಟ ಅರಣ್ಯದಲ್ಲಿ ಇಲಾಖೆಯ ಅನುಮತಿಯಿಲ್ಲದೆ ಕಾಲಿಡಬಾರದು. ಒಳ್ಳೆಯ ಚಿತ್ರದ ಆಸೆಗೆ ಆನೆಯ ಸಮೀಪ ಹೋಗಬಾರದು, ಡ್ರೋನ್ ಹಾರಿಸಿ ಅದನ್ನು ಕೆರಳಿಸಲೂಬಾರದು. ಹುಡುಗ ಸುರಕ್ಷಿತನಾಗಿ ಮರಳಿದರೂ ಕೆರಳಿದ ಆನೆ ಮುಂದಿನ ತೋಟದ ಕೂಲಿಯಾಳಿಗೆ ಎದುರಾದೀತು. ಮೂರನೆಯದು, ರಹಸ್ಯವಾಗಿರುವ ತೊರೆ, ಜಲಪಾತಗಳಿಗೆ ದಾರಿ ತೋರಿಸಬಾರದು. ಒಂದು ಸುಂದರ ಚಿತ್ರದ ಹಿಂದೆಯೇ ಬಾಟಲಿ, ಪ್ಲಾಸ್ಟಿಕ್ಕುಗಳ ರಾಶಿ ಬೆಟ್ಟವನ್ನು ಏರಿದ್ದನ್ನು ನಾವು ನೋಡಿಲ್ಲವೇ?

ಹಿನ್ನೆಲೆಯ ಮಾತು ಬರೆಯಲು ಮಾತ್ರ ನಾನು ಒಪ್ಪಲಿಲ್ಲ. “ನನ್ನ ಗ್ರಂಥಭಾಷೆ ನಿನ್ನ ಬೆಟ್ಟಕ್ಕೆ ಹೊಂದದಪ್ಪ. ಆ ಗದ್ದೆಯ ಬದುವಿನ ಮೇಲೆ ನಿನ್ನ ಅಜ್ಜಿಯನ್ನು ಕೂರಿಸು. ಅಲ್ಲಿ ಯಾವ ಭತ್ತ ಬೆಳೆಯುತ್ತಿತ್ತು, ನಾಟಿಗೆ ಯಾರು ಬರುತ್ತಿದ್ದರು, ಕೊನೆಯ ಕೊಯ್ಲು ಯಾವಾಗ ಆಯಿತು ಎಂದು ಕೇಳು. ಅವರು ಹೇಳಿದ್ದೇ ನಿನ್ನ ಚಿತ್ರದ ಮಾತು” ಎಂದೆ. ಹುಡುಗ ಅಜ್ಜಿಯ ಮುಖ ನೋಡಿದ. “ನಂಗೇನ್ ಬತ್ತದೆ ಮಾತಾಡೋಕೆ!” ಎಂದು ಆಕೆ ಸೆರಗನ್ನು ಬಾಯಿಗೊತ್ತಿಕೊಂಡು ನಕ್ಕರು.

ಮರುದಿನ ಮುಂಜಾನೆ ನಾನು ಹೊರಡುವಾಗ ಜಗುಲಿಯಲ್ಲಿ ಯಾರೂ ಇರಲಿಲ್ಲ. ಅಜ್ಜಿ, ಮೊಮ್ಮಗ ಇಬ್ಬರೂ ಗದ್ದೆಯ ಕಡೆ ಹೋಗಿದ್ದಾರೆಂದು ಮನೆಯವರು ತಿಳಿಸಿದರು.

ಆತ್ಮೀಯ ಓದುಗರೇ, ನಿಮ್ಮ ಮಕ್ಕಳು, ಮೊಮ್ಮಕ್ಕಳ ಕೈಯಲ್ಲಿಯೂ ಇಂದು ಕ್ಯಾಮರಾ ಇದೆ. ಮನೆಯ ಹಿರಿಯರು ಇನ್ನೂ ನಮ್ಮೊಡನಿರುವಾಗಲೇ, ಅವರು ಕಂಡ ನೆಲವನ್ನು ಅವರ ಬಾಯಿಂದಲೇ ಕೇಳಿ ಉಳಿಸಿಕೊಳ್ಳುವುದಕ್ಕೆ ಅದನ್ನೊಮ್ಮೆ ಬಳಸಲು ಹೇಳಿ. ಬೆಟ್ಟ ನಾಳೆಯೂ ಇದ್ದೀತು. ಅದಕ್ಕೆ ಸಾಕ್ಷಿ ಹೇಳುವವರು ಇರುವುದು ಇಂದು.