ಊರಿನಿಂದ ಬಂದ ಮಾತ್ರೆ ಡಬ್ಬಿ

ಬೇಸಿಗೆ ಬಂತೆಂದರೆ ನಮ್ಮ ಮರ್ಫಿ, ಪ್ಲೇನೋ ಕಡೆಯ ಮನೆಗಳಿಗೆಲ್ಲ ಊರಿನಿಂದ ಅಪ್ಪ-ಅಮ್ಮ ಬರುತ್ತಾರೆ. ಸೂಟ್‌ಕೇಸಿನಲ್ಲಿ ಚಟ್ನಿಪುಡಿ, ಹಪ್ಪಳದ ಜೊತೆಗೆ ಒಂದು ಡಬ್ಬಿ ತುಂಬ ಮಾತ್ರೆ. ಈ ಸಲ ಆ ಡಬ್ಬಿಯನ್ನು ಒಮ್ಮೆ ಬಿಚ್ಚಿ ನೋಡುವುದು ಒಳ್ಳೆಯದು.

2025ರ ಡಿಸೆಂಬರ್ ಕೊನೆಯಲ್ಲಿ ಭಾರತ ಸರ್ಕಾರ 100 ಮಿಲಿಗ್ರಾಂಗಿಂತ ಹೆಚ್ಚಿನ ನಿಮೆಸುಲೈಡ್ ಮಾತ್ರೆಗಳನ್ನು ನಿಷೇಧಿಸಿತು. 12 ವರ್ಷದೊಳಗಿನ ಮಕ್ಕಳಿಗೆ ಈ ಔಷಧಿ ಕೊಡುವುದನ್ನು 2011ರಲ್ಲೇ ನಿಲ್ಲಿಸಲಾಗಿತ್ತು. ಇದು ಲಿವರಿಗೆ ಹಾನಿ ಮಾಡಬಹುದೆಂಬುದೇ ಮುಖ್ಯ ಆತಂಕ. ಅಮೆರಿಕದಲ್ಲಂತೂ ಇದಕ್ಕೆ ಎಂದೂ ಒಪ್ಪಿಗೆ ಸಿಕ್ಕಿಲ್ಲ.

ಆದರೆ ನಿಷೇಧವೊಂದರಿಂದ ಅಪಾಯ ತಪ್ಪುವುದಿಲ್ಲ. ನಮ್ಮ ಮನೆಯಲ್ಲೇ ಆದದ್ದು ಕೇಳಿ. ಅಮ್ಮನಿಗೆ ಮಂಡಿನೋವು ಎಂದು ನಾವು ದಿನಕ್ಕೆ ಮೂರು ಸಲ, 500ರ ಎರಡೆರಡು ಟೈಲೆನಾಲ್ ಕೊಟ್ಟೆವು. ಅಮ್ಮ ನಮಗೆ ಹೇಳದೆ ತಮ್ಮ ಡಬ್ಬಿಯಿಂದ ಡೋಲೋ 650 ಕೂಡ ಮೂರು ಸಲ ನುಂಗುತ್ತಿದ್ದರು. ಊರಿನ ಪ್ಯಾರಾಸಿಟಮಾಲ್, ಇಲ್ಲಿನ ಅಸೆಟಮಿನೋಫೆನ್ ಎರಡೂ ಒಂದೇ! ಒಟ್ಟು 4950 ಮಿಲಿಗ್ರಾಂ. ದೊಡ್ಡವರಿಗೆ ದಿನದ ಮಿತಿಯೇ 4000. ವಯಸ್ಸಾದವರಿಗೆ ಡಾಕ್ಟರು ಅದಕ್ಕಿಂತ ಕಡಿಮೆ ಹೇಳುವುದೂ ಉಂಟು. ನೆಗಡಿಗೆ ಕೊಡುವ ನೈಕ್ವಿಲ್‌ನಲ್ಲೂ, ಕಾಂಬಿಫ್ಲಾಮ್‌ನಲ್ಲೂ ಇದೇ ಸೇರಿದೆ. ಪುಣ್ಯಕ್ಕೆ ಎರಡನೇ ದಿನವೇ ಗೊತ್ತಾಯಿತು.

ಎಲ್ಲ ನೋವಿಗೂ ಒಂದೇ ಮದ್ದಲ್ಲ ಎಂಬುದೂ ತಿಳಿದಿರಲಿ. ಊತವಿರುವ ಕೀಲುನೋವಿಗೆ ಐಬುಪ್ರೊಫೆನ್ ಕೆಲಸ ಮಾಡುತ್ತದೆ, ಆದರೆ ಬಿಪಿ, ಕಿಡ್ನಿ ತೊಂದರೆ ಇರುವವರಿಗೆ, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ಅದು ಒಳ್ಳೆಯದಲ್ಲ. ಅಂಥವರು ಡಾಕ್ಟರನ್ನು ಕೇಳಿ ಡೈಕ್ಲೋಫೆನಾಕ್ ಜೆಲ್ ಹಚ್ಚಬಹುದು. 2020ರಿಂದ ಇಲ್ಲಿ ಚೀಟಿಯಿಲ್ಲದೆ ಸಿಗುತ್ತದೆ. ಸಕ್ಕರೆ ಕಾಯಿಲೆಯವರ ಪಾದದ ಉರಿ ನರದ ನೋವು. ಅದಕ್ಕೆ ಇವೆರಡೂ ಅಷ್ಟಾಗಿ ತಾಗುವುದಿಲ್ಲ, ಡಾಕ್ಟರು ಬೇರೆಯೇ ಔಷಧಿ ಬರೆಯುತ್ತಾರೆ. ಆಪರೇಷನ್ ನಂತರದ ನೋವಿಗೆ ಕೊಡುವ ಓಪಿಯಾಯ್ಡ್‌ಗಳು ಚಟ ಹಿಡಿಸಬಲ್ಲವು. ಹಾಗಾಗಿ 2019ರ ಸೆಪ್ಟೆಂಬರಿನಿಂದ ಟೆಕ್ಸಾಸ್‌ನಲ್ಲಿ ಇಂಥ ತಾತ್ಕಾಲಿಕ ನೋವಿಗೆ ಒಮ್ಮೆಗೆ 10 ದಿನಕ್ಕಿಂತ ಹೆಚ್ಚು ಬರೆಯುವಂತಿಲ್ಲ. 2025ರ ಜನವರಿಯಲ್ಲಿ ಓಪಿಯಾಯ್ಡ್ ಅಲ್ಲದ ಸುಜೆಟ್ರಿಜಿನ್ ಎಂಬ ಹೊಸ ಮಾತ್ರೆಗೆ ಒಪ್ಪಿಗೆ ಸಿಕ್ಕಿರುವುದು ಈ ಕಾರಣಕ್ಕೇ ದೊಡ್ಡ ಸುದ್ದಿ.

ನಿಜವಾದ ತೊಡಕು ಇನ್ನೊಂದಿದೆ. ವಿಸಿಟರ್ ಇನ್ಶೂರೆನ್ಸ್ ಹಳೆಯ ಕಾಯಿಲೆಗಳಿಗೆ ಸಾಮಾನ್ಯವಾಗಿ ಹಣ ಕೊಡುವುದಿಲ್ಲ. ಮಕ್ಕಳಿಗೆ ಖರ್ಚು ಬೇಡವೆಂದು ಹಿರಿಯರು ನೋವು ಮುಚ್ಚಿಟ್ಟು ತಾವೇ ಮಾತ್ರೆ ನುಂಗುತ್ತಾರೆ. ಅಮ್ಮನನ್ನು ಕೇಳಿದಾಗ ಬಂದ ಉತ್ತರವೂ ಅದೇ: "ನಿಮಗ್ಯಾಕೆ ತೊಂದರೆ ಅಂತ."

ಆದ್ದರಿಂದ ಅವರು ಬಂದ ಮೊದಲ ವಾರವೇ ಜೊತೆಗೆ ಕೂತು ಪ್ರತಿ ಮಾತ್ರೆಯ ಮೂಲ ಹೆಸರು, ಪ್ರಮಾಣ ಒಂದು ಹಾಳೆಯಲ್ಲಿ ಬರೆದು ಫ್ರಿಜ್ ಮೇಲೆ ಅಂಟಿಸಿ. ಫಾರ್ಮಸಿಯವರಿಗೆ ಅದನ್ನು ತೋರಿಸಿ ಕೇಳಿದರೆ ದುಡ್ಡಿಲ್ಲ. ಮಾತ್ರೆ ಹೆಚ್ಚಾಯಿತೆಂಬ ಅನುಮಾನ ಬಂದರೆ 1-800-222-1222ಕ್ಕೆ ಕೂಡಲೇ ಫೋನ್ ಮಾಡಿ. ಹಗಲು ರಾತ್ರಿ ಉಚಿತ.