ಗೂಡಿನಿಂದ ಬಿದ್ದ ಮರಿಗೆ ಎಂಥ ಮನೆ?

ಮುಂಗಾರುಪೂರ್ವ ಗಾಳಿಮಳೆಗೆ ಮರಗಳು ಉರುಳಬಹುದೆಂಬ ಭಯದಿಂದ ಬೆಂಗಳೂರಿನಲ್ಲಿ ಕೊಂಬೆಗಳನ್ನು ಸವರಲು ಹೊರಡುವ ಬೇಸಿಗೆಯೇ ಹದ್ದು, ಗಿಳಿ, ಗೂಬೆ, ಅಳಿಲುಗಳ ಎಷ್ಟೋ ಮರಿಗಳು ಇನ್ನೂ ಗೂಡು ಬಿಡದಿರುವ ಕಾಲವೂ ಆಗಿದೆ. 1809ರಲ್ಲಿ ನೆಲೆಗೊಂಡ ದಂಡು ಪ್ರದೇಶದ ಹಳೆಯ ಮಳೆಮರಗಳು, ಮದ್ರಾಸ್ ಸ್ಯಾಪರ್ಸ್ ಪಡೆಯ ವಿಶಾಲವಾದ ಆವರಣ ಹಾಗೂ ಹಲಸೂರು ಕೆರೆಯ ನಡುಗಡ್ಡೆಗಳು ಸೇರಿ, ಸುತ್ತಲೂ ಕಾಂಕ್ರೀಟು ಬೆಳೆದ ಮೇಲೂ, ನಗರದ ಪೂರ್ವಭಾಗದ ಹೆರಿಗೆಮನೆಯಂತೆ ಉಳಿದಿವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ‘ಬೇಟೆ’ ಎಂಬುದನ್ನು ವಿವರಿಸುವಾಗ ಕಾಡುಹಕ್ಕಿಗಳ ಮೊಟ್ಟೆ ಹಾಳುಮಾಡುವುದನ್ನೂ ಗೂಡು ಕದಡುವುದನ್ನೂ ಅದರಲ್ಲಿ ಸೇರಿಸಿದೆಯಾದರೂ, ಗರಗಸ ಹಿಡಿದು ಏಣಿ ಹತ್ತುವ ಕಾರ್ಮಿಕನಿಗೆ ಇದನ್ನು ಯಾರಾದರೂ ಹೇಳಿರುತ್ತಾರೆಂದು ನಂಬುವುದು ಕಷ್ಟ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ನೇಮಕವಾಗುವ ವೃಕ್ಷಾಧಿಕಾರಿಯು ಅನುಮತಿಗೆ ಸಹಿ ಹಾಕುವ ಮುನ್ನ ದುರ್ಬೀನಿನಿಂದ ಒಮ್ಮೆ ಮರವನ್ನು ಪರೀಕ್ಷಿಸುವುದು ಕಡ್ಡಾಯವಾದರೆ, ಬಿದ್ದ ಮರಿಗಳಿಗೆ ಆಸರೆಮನೆಯ ಅಗತ್ಯವೇ ಅರ್ಧದಷ್ಟು ತಗ್ಗೀತು.

ಆದರೂ ಕೆಲವು ಮರಿಗಳು ಬೀಳುತ್ತವೆ. ಹಾಗೆ ಬಿದ್ದ ಮರಿಗೆ ಬೇಕಾದ ಅತ್ಯುತ್ತಮ ಆಸರೆಮನೆಯು ಬಹುಪಾಲು ಸಂದರ್ಭಗಳಲ್ಲಿ ಅದೇ ಮರದಲ್ಲಿ, ನೆಲದಿಂದ ಸಾಕಷ್ಟು ಎತ್ತರದಲ್ಲಿ ಕಟ್ಟಿದ ಒಂದು ಬಿದಿರಿನ ಬುಟ್ಟಿ ಮಾತ್ರ. ಮಳೆಯ ನೀರು ನಿಲ್ಲದಂತೆ ತಳದಲ್ಲಿ ರಂಧ್ರಗಳಿದ್ದು, ಒಳಗೆ ಒಣ ಕಡ್ಡಿಗಳನ್ನು ಹಾಸಿ, ಬೆಕ್ಕು ಸುಲಭವಾಗಿ ಹತ್ತಲಾಗದ ಕವಲಿಗೆ ಅದನ್ನು ಬಿಗಿದರೆ, ಮರಿಯ ಕೂಗನ್ನು ಅನುಸರಿಸಿ ತಾಯಿ ಹದ್ದು ಸಾಮಾನ್ಯವಾಗಿ ಅಲ್ಲಿಗೇ ಆಹಾರ ತರುತ್ತದೆ. ಮನುಷ್ಯರು ಮುಟ್ಟಿದ ಮರಿಯನ್ನು ತಾಯಿ ಸೇರಿಸಿಕೊಳ್ಳುವುದಿಲ್ಲ ಎಂಬ ಮಾತು ಮನೆಮನೆಗಳಲ್ಲಿ ಬೇರೂರಿದ್ದರೂ ಹಕ್ಕಿಗಳ ಮಟ್ಟಿಗೆ ಅದಕ್ಕೆ ಆಧಾರವಿಲ್ಲ. ಆ ನಂಬಿಕೆಯಿಂದಾಗಿಯೇ ತಾಯಿಯಿದ್ದೂ ಅನಾಥವಾಗುವ ಮರಿಗಳು ಕಡಿಮೆಯಲ್ಲ. ರೆಕ್ಕೆ ಬಲಿತು ಹಾರಾಟ ಕಲಿಯುತ್ತ ನೆಲಕ್ಕಿಳಿದ ಮರಿಗಂತೂ ಬುಟ್ಟಿಯೂ ಬೇಡ, ಅದನ್ನು ಹತ್ತಿರದ ಪೊದೆಗೋ ಕೊಂಬೆಗೋ ಏರಿಸಿ ದೂರ ಸರಿದರೆ ಸಾಕು.

ಮರವೇ ಉರುಳಿದಾಗ, ತಾಯಿ ಸತ್ತಾಗ ಅಥವಾ ಗಾಳಿಪಟದ ಮಾಂಜಾ ದಾರಕ್ಕೆ ಸಿಕ್ಕಿ ರೆಕ್ಕೆ ಸೀಳಿದಾಗ ಮಾತ್ರ ಮರಿಯನ್ನು ಒಯ್ಯಬೇಕಾಗುತ್ತದೆ. ನೈಲಾನ್ ಮಾಂಜಾವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲಿ ದೇಶಾದ್ಯಂತ ನಿಷೇಧಿಸಿತಾದರೂ ದಾರ ಇನ್ನೂ ಕೊಂಬೆಗಳಲ್ಲಿ ನೇತಾಡುತ್ತಿದೆ. ಹಲಸೂರಿನಲ್ಲಿ ಸಿಕ್ಕ ಮರಿಯನ್ನು ಕೆಂಗೇರಿ ಬಳಿಯ ‘ಪೀಪಲ್ ಫಾರ್ ಅನಿಮಲ್ಸ್’ ವನ್ಯಜೀವಿ ಆಸ್ಪತ್ರೆಗೆ ಸಾಗಿಸುವುದೆಂದರೆ ಊರಿನ ಒಂದು ತುದಿಯಿಂದ ಇನ್ನೊಂದು ತುದಿಗೆ ವಾಹನದಟ್ಟಣೆಯನ್ನು ಸೀಳಿಕೊಂಡು ಹೋಗುವುದು. ತಣ್ಣಗಾದ ಪುಟ್ಟ ಮರಿಗೆ ಆ ಪಯಣವೇ ಮಾರಕವಾಗಬಹುದು. ಆದ್ದರಿಂದ ನಗರದ ಪೂರ್ವದಲ್ಲಿ ಒಂದೆರಡು ದಿನಗಳ ತಂಗುಕೋಣೆಯಾದರೂ ಬೇಕು. ಅಲ್ಲಿ ಮೊದಲು ಬೇಕಾದುದು ಆಹಾರಕ್ಕಿಂತ ಶಾಖ, ಏಕೆಂದರೆ ಮೈ ತಣ್ಣಗಿರುವ ಮರಿಗೆ ತಿಂದದ್ದು ಜೀರ್ಣವಾಗುವುದಿಲ್ಲ. ಅಳಿಲುಮರಿಗೆ ಹಸುವಿನ ಹಾಲು ಕುಡಿಸಿದರೆ ಭೇದಿಯಾಗುತ್ತದೆ. ಹದ್ದಿನ ಮರಿಗೆ ಮೂಳೆ ತೆಗೆದ ಕೋಳಿಮಾಂಸವನ್ನಷ್ಟೇ ತಿನ್ನಿಸುತ್ತ ಬಂದರೆ ಸುಣ್ಣದ ಅಂಶ ಸಾಲದೆ ಅದರ ಮೂಳೆಗಳು ಬಾಗುತ್ತವೆ. ಮಮತೆಯಿಂದ ಸಾಕಿದ ಮರಿಗಳು ಹಾಳಾಗುವುದು ಹೆಚ್ಚಾಗಿ ಹೀಗೆಯೇ.

ಇದಕ್ಕಿಂತ ಸೂಕ್ಷ್ಮವಾದುದು ‘ಅಚ್ಚೊತ್ತುವಿಕೆ’, ಅಂದರೆ ಎಳೆಯ ಜೀವಿಯು ತನ್ನ ಮೊದಲ ದಿನಗಳಲ್ಲಿ ಕಂಡವರನ್ನೇ ತನ್ನ ಕುಲವೆಂದು ನಂಬಿಬಿಡುವ ಪ್ರಕ್ರಿಯೆ. ಆಸ್ಟ್ರಿಯಾದ ಪ್ರಾಣಿವರ್ತನಾ ವಿಜ್ಞಾನಿ ಕೊನ್ರಾಡ್ ಲೊರೆಂಜ್ ಇದನ್ನು ಹೆಬ್ಬಾತಿನ ಮರಿಗಳಲ್ಲಿ ವಿವರವಾಗಿ ಅಭ್ಯಸಿಸಿದನು. 1982ರಲ್ಲಿ 22ಕ್ಕೆ ಇಳಿದಿದ್ದ ಕ್ಯಾಲಿಫೋರ್ನಿಯಾ ಕಾಂಡೋರ್ ರಣಹದ್ದುಗಳನ್ನು ಉಳಿಸಿದವರು ಮರಿಗಳಿಗೆ ರಣಹದ್ದಿನ ತಲೆಯಾಕಾರದ ಕೈಗೊಂಬೆಯಿಂದ ಉಣಿಸಿದ್ದು ಈ ಕಾರಣಕ್ಕೇ. ಹಲಸೂರಿನ ಹದ್ದಿಗೆ ಅಷ್ಟು ವೈಭವ ಬೇಕಾಗಿಲ್ಲ, ಆದರೆ ಗೋಡೆಯ ಕಿಂಡಿಯಿಂದ ಆಹಾರ ಜಾರಿಸುವ ಕೊಳವೆ, ಒಂದೇ ಜಾತಿಯ ಮರಿಗಳನ್ನು ಒಟ್ಟಿಗಿಡುವ ಕೋಣೆ, ಮಾತಿಲ್ಲದ ಸಿಬ್ಬಂದಿ ಬೇಕೇ ಬೇಕು.

ಮರಿ ಬಲಿತ ಮೇಲೆ ಬೇಕಾಗುವ ಹಾರಾಟದ ಪಂಜರದ ಗೋಡೆಗೆ ತಂತಿಜಾಲರಿಯ ಬದಲು ನಯವಾದ ಪಟ್ಟಿಗಳನ್ನು ಲಂಬವಾಗಿ ಜೋಡಿಸುವುದು ಲೇಸು. ಜಾಲರಿಗೆ ತಗುಲಿದ ಗರಿಗಳು ಮುರಿಯುತ್ತವೆ, ಮುರಿದ ಗರಿ ಮತ್ತೆ ಬರಬೇಕಾದರೆ ಮುಂದಿನ ಗರಿಬದಲಾವಣೆಯವರೆಗೆ ಕಾಯಬೇಕು. ಛಾವಣಿಯ ಒಂದು ಭಾಗ ಬಿಸಿಲುಮಳೆಗೆ ತೆರೆದಿರಬೇಕು. ಕೊನೆಗೆ ಬಾಗಿಲು ತೆಗೆದ ಮೇಲೂ ಕೆಲವು ದಿನ ಅಲ್ಲೇ ಆಹಾರವಿಡುವ ಕ್ರಮಕ್ಕೆ ‘ಮೆದುಬಿಡುಗಡೆ’ ಎನ್ನಬಹುದು. ಗೂಡು ಬಿಟ್ಟ ಹದ್ದಿನ ಮರಿಯನ್ನು ತಾಯ್ತಂದೆಗಳು ವಾರಗಟ್ಟಲೆ ಪೋಷಿಸುವುದರ ಅನುಕರಣೆ ಇದು. ಇಂತಹ ಪಂಜರಕ್ಕೆ ಕೆರೆಯ ಆಸುಪಾಸಿನಲ್ಲಿ ಜನರ ಸುಳಿವಿಲ್ಲದ ಮೂಲೆಯೇ ತಕ್ಕ ಸ್ಥಳ, ಮತ್ತು ಯೋಜನೆಯ ತೊಡಕು ಇರುವುದೂ ಅಲ್ಲಿಯೇ. ಸಂದರ್ಶಕರಿಗೆ ಪ್ರವೇಶವಿಲ್ಲದ, ಉದ್ಘಾಟನೆಯ ದಿನ ಒಳಗಿರುವ ಮರಿಯನ್ನು ಸಚಿವರಿಗೂ ತೋರಿಸಲಾಗದ ಕಟ್ಟಡಕ್ಕೆ ಹಣ ಮಂಜೂರು ಮಾಡಿಸುವುದು, ಕೆರೆಯಂಗಳದಲ್ಲಿ ಸಂಗೀತ ಕಾರಂಜಿ ಕಟ್ಟಿಸುವುದಕ್ಕಿಂತ ಖಂಡಿತವಾಗಿ ಕಷ್ಟ.