ತಪಾಸಣೆಗೂ ಅನುಮತಿ ಬೇಕು

ಹೈದರಾಬಾದಿನ ಮಾಧಾಪುರ, ಗಚ್ಚಿಬೌಳಿಯ ಕಚೇರಿಗಳಲ್ಲಿ ದೂರದೂರದ ಬ್ಯಾಂಕು, ಆಸ್ಪತ್ರೆ, ಅಂಗಡಿಗಳ ದತ್ತಾಂಶ ಕಾಯುವ ಕೆಲಸ ಹಗಲು ರಾತ್ರಿ ನಡೆಯುತ್ತದೆ. ಇಂಥ ಕೆಲಸಕ್ಕೆ ಬಳಕೆಯಾಗುವ ವ್ಯವಸ್ಥೆಗಳಲ್ಲಿ ಹಡೂಪ್ ಒಂದು. ಅದು ದೊಡ್ಡ ಫೈಲನ್ನು ಸಾಮಾನ್ಯವಾಗಿ 128 ಎಂಬಿಯ ತುಂಡುಗಳಾಗಿ ಒಡೆದು, ಪ್ರತಿ ತುಂಡಿನ 3 ಪ್ರತಿಗಳನ್ನು ಬೇರೆ ಬೇರೆ ಯಂತ್ರಗಳಲ್ಲಿಡುತ್ತದೆ. ಯಾವ ತುಂಡು ಕೆಟ್ಟಿದೆ, ಯಾವುದು ಕಾಣೆಯಾಗಿದೆ ಎಂದು ಹೇಳುವ ಸಲಕರಣೆ ಎಫ್‌ಎಸ್‌ಸಿಕೆ.

ಯಾರು ಯಾವ ಫೈಲನ್ನು ನೋಡಬಹುದು ಎಂಬ ಕಟ್ಟುಪಾಡು ಹಡೂಪ್‌ಗೆ ಬಂದದ್ದು 2008ರಲ್ಲಿ, 0.16ನೇ ಆವೃತ್ತಿಯೊಂದಿಗೆ. ಎಫ್‌ಎಸ್‌ಸಿಕೆ ಮಾತ್ರ ಅದಕ್ಕೆ ಒಳಪಡದೆ ಉಳಿಯಿತು. 2009ರ 0.20ರಲ್ಲಿ ಅದನ್ನೂ ಉಳಿದೆಲ್ಲ ಕೋರಿಕೆಗಳು ಹಾದುಹೋಗುವ ಬಾಗಿಲಿನಿಂದಲೇ ಕಳಿಸಲಾಯಿತು.

ಅದು ಸರಿಯಾದ ತೀರ್ಮಾನ. ಎಫ್‌ಎಸ್‌ಸಿಕೆ ಫೈಲಿನೊಳಗಿನದನ್ನು ತೋರಿಸುವುದಿಲ್ಲ, ನಿಜ. ಆದರೆ ಕೇಳಿದರೆ ಫೈಲುಗಳ ಹೆಸರು, ಗಾತ್ರ, ಇರುವ ಯಂತ್ರ ಎಲ್ಲವನ್ನೂ ಪಟ್ಟಿ ಮಾಡುತ್ತದೆ. ‘ವಜಾ ಪಟ್ಟಿ’ ಎಂಬ ಹೆಸರಿನ ಫೈಲು ಇದೆ ಎಂದು ತಿಳಿದರೆ ಸಾಕು, ಅದನ್ನು ತೆರೆಯಬೇಕಾಗಿಲ್ಲ. ಕೆಟ್ಟ ಫೈಲುಗಳನ್ನು ಅಳಿಸಿಹಾಕುವ ಆಯ್ಕೆಯೂ ಅದರಲ್ಲಿದೆ.

ಇದಕ್ಕೆ ಗಟ್ಟಿಯಾದ ಆಕ್ಷೇಪವೂ ಉಂಟು. ಬೀಗ ಹಾಕಿದ ಕೋಣೆಗೆ ಹೋಗದೆ ‘ಮನೆ ಭದ್ರವಾಗಿದೆ’ ಎಂದರೆ ಅದೆಂಥ ತಪಾಸಣೆ? ಅದಕ್ಕೇ ಅನುಮತಿಯಿಲ್ಲದ ಕಡೆ ಸಲಕರಣೆ ಸುಮ್ಮನೆ ದಾಟಿಹೋಗಬಾರದು. ಇಲ್ಲಿ ನೋಡಲಾಗಲಿಲ್ಲ ಎಂದು ಹೇಳಬೇಕು. ಅರ್ಧ ನೋಡಿ ಪೂರ್ತಿ ಒಳ್ಳೆಯ ವರದಿ ಕೊಡುವುದಕ್ಕಿಂತ ‘ಆಗಲಿಲ್ಲ’ ಎಂದು ನಿಲ್ಲುವುದು ಮೇಲು.

ನಿಜವಾದ ಅಪಾಯ ಬೇರೆಡೆ ಇದೆ. ಹಡೂಪ್‌ನಲ್ಲಿ ಸೂಪರ್‌ಯೂಸರ್‌ಗೆ ಯಾವ ಅನುಮತಿಯ ತಡೆಯೂ ಇಲ್ಲ. ವರದಿ ನಿಂತಾಗಲೆಲ್ಲ ರಾತ್ರಿ ಪಾಳಿಯವರ ಕೈಗೆ ಆ ಖಾತೆಯನ್ನೇ ಕೊಟ್ಟುಬಿಡುವುದು ಸುಲಭದ ದಾರಿ. ಕೆರ್ಬೆರೋಸ್‌ನಂಥ ಗುರುತಿನ ಪರೀಕ್ಷೆ ಇಲ್ಲದಿದ್ದರೆ ಆ ಕಷ್ಟವೂ ಬೇಡ. ಬಳಕೆದಾರ ಹೇಳಿಕೊಂಡ ಹೆಸರನ್ನೇ ವ್ಯವಸ್ಥೆ ನಂಬುತ್ತದೆ. ಆಗ 2009ರ ತಿದ್ದುಪಡಿ ಇದ್ದೂ ಇಲ್ಲದಂತೆ.

ಪೂರ್ತಿ ತಪಾಸಣೆ ಬೇಕೇ ಬೇಕು. ಅದನ್ನು ಗೊತ್ತಾದ ಹೊತ್ತಿಗೆ, ಅದಕ್ಕೆಂದೇ ನೇಮಿಸಿದ ಒಬ್ಬಿಬ್ಬರು ನಡೆಸಲಿ. ಯಾರು, ಯಾವಾಗ ನಡೆಸಿದರು ಎಂಬುದು ದಾಖಲಾಗಲಿ. ಪ್ರತಿ ತಂಡಕ್ಕೂ ಅದರದ್ದೇ ಭಾಗದ ವರದಿ ಹೋಗಲಿ. ತನ್ನ ಹೆಸರಿನ ಫೈಲು ಗಚ್ಚಿಬೌಳಿಯ ಯಾವ ಪರದೆಯ ಮೇಲೆ ಹಾದುಹೋಯಿತು ಎಂಬುದು ಆಸ್ಪತ್ರೆಯ ರೋಗಿಗೆ ತಿಳಿಯುವುದಿಲ್ಲ. ಆತನ ಪರವಾಗಿ ಕೇಳಬೇಕಾದವರು ಆ ಕಚೇರಿಯೊಳಗೇ ಇರುವವರು.